ಸೋಮಾರಿ ಎನ್ನುವ ಮುನ್ನ: ಕೆಲಸಕ್ಕೆ ಮನಸ್ಸಾಗದಿರುವುದರ ಕಾರಣ ಹುಡುಕುವ ಕ್ರಮ

ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಅಮೆರಿಕದ ದಕ್ಷಿಣ ರಾಜ್ಯಗಳ ಬಡ ರೈತಾಪಿ ಜನರಿಗೆ ಮೈಗಳ್ಳರೆಂಬ ಹೆಸರು ಅಂಟಿಕೊಂಡಿತ್ತು. 1902ರಲ್ಲಿ ಪ್ರಾಣಿವಿಜ್ಞಾನಿ ಚಾರ್ಲ್ಸ್ ವಾರ್ಡೆಲ್ ಸ್ಟೈಲ್ಸ್ ಅವರು ಈ ಜನರಲ್ಲಿ ಕೊಕ್ಕೆಹುಳುವಿನ ಸೋಂಕು ವ್ಯಾಪಕವಾಗಿದೆ ಎಂದು ತಿಳಿಸಿದಾಗ ಪತ್ರಿಕೆಗಳು ಆ ಹುಳುವನ್ನು ‘ಸೋಮಾರಿತನದ ರೋಗಾಣು’ ಎಂದು ಗೇಲಿ ಮಾಡಿದವು. ಗೇಲಿಯಲ್ಲಿ ನಿಜವಿತ್ತು. ಬರಿಗಾಲಿನ ಚರ್ಮದ ಮೂಲಕ ಒಳಹೊಕ್ಕು ಸಣ್ಣ ಕರುಳಿಗೆ ಕಚ್ಚಿಕೊಳ್ಳುವ ಈ ಹುಳು ದಿನದಿನವೂ ಸ್ವಲ್ಪ ಸ್ವಲ್ಪವಾಗಿ ರಕ್ತ ಹೀರುತ್ತದೆ. ವರ್ಷಗಟ್ಟಲೆ ಹಾಗೆ ರಕ್ತ ಕಳೆದುಕೊಂಡ ದೇಹದಲ್ಲಿ ದುಡಿಯುವ ಕಸುವು ಉಳಿಯುವುದಿಲ್ಲ. 1909ರಲ್ಲಿ ತೈಲೋದ್ಯಮಿ ಜಾನ್ ಡಿ. ರಾಕ್‌ಫೆಲ್ಲರ್ ಅವರ 10 ಲಕ್ಷ ಡಾಲರ್ ಕೊಡುಗೆಯಿಂದ ಸ್ಥಾಪನೆಯಾದ ಆಯೋಗವು ಊರೂರಿಗೆ ಹೋಗಿ ತಪಾಸಣೆ ನಡೆಸಿ, ಥೈಮಾಲ್ ಎಂಬ ಔಷಧಿ ಹಂಚಿ, ಶೌಚಾಲಯಗಳ ಅಗತ್ಯವನ್ನು ಜನರಿಗೆ ತಿಳಿಸಿತು. ಮೊದಲು ಸೋಂಕು ಹೆಚ್ಚಾಗಿದ್ದ ಪ್ರದೇಶಗಳಲ್ಲಿ ಆಮೇಲೆ ಮಕ್ಕಳ ಶಾಲಾ ಹಾಜರಾತಿ ಮತ್ತು ಸಾಕ್ಷರತೆ ಬೇರೆಡೆಗಿಂತ ಹೆಚ್ಚು ವೇಗವಾಗಿ ಏರಿದ್ದನ್ನು ಅರ್ಥಶಾಸ್ತ್ರಜ್ಞ ಹೊಯ್ಟ್ ಬ್ಲೀಕ್ಲಿ 2007ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ತೋರಿಸಿದ್ದಾರೆ.

ಈ ಪ್ರಸಂಗದಲ್ಲಿ ನನ್ನನ್ನು ಕಾಡುವುದು ಹುಳುವಿಗಿಂತ ಹೆಚ್ಚಾಗಿ ಅಲ್ಲಿಯವರೆಗೆ ಯಾರೂ ಅದನ್ನು ಹುಡುಕದೇ ಇದ್ದುದು. ‘ಸೋಮಾರಿಗಳು’ ಎಂದು ಒಮ್ಮೆ ತೀರ್ಮಾನವಾದ ಮೇಲೆ ಹುಡುಕಲು ಏನೂ ಉಳಿದಿರಲಿಲ್ಲ. ನಾವು ನಮ್ಮ ಬಗ್ಗೆ, ನಮ್ಮ ಮಕ್ಕಳ ಬಗ್ಗೆ, ಸಹೋದ್ಯೋಗಿಗಳ ಬಗ್ಗೆ ಅದೇ ತೀರ್ಮಾನವನ್ನು ದಿನನಿತ್ಯ ಕೊಡುತ್ತೇವೆ. ಬೇರೆಯವರ ನಡವಳಿಕೆಗೆ ಅವರ ಸ್ವಭಾವವನ್ನೇ ಕಾರಣವಾಗಿ ಕಂಡು, ಅವರ ಪರಿಸ್ಥಿತಿಯನ್ನು ಕಡೆಗಣಿಸುವ ಈ ಚಾಳಿಯನ್ನು ಮನೋವಿಜ್ಞಾನಿ ಲೀ ರಾಸ್ 1977ರಲ್ಲಿ ಮೂಲಭೂತ ಆರೋಪಣಾ ದೋಷವೆಂದು ಹೆಸರಿಸಿದರು. ಸೋಮಾರಿತನದ ಮಾತು ಬಂದಾಗ ಮಾತ್ರ ನಾವು ಈ ಅನ್ಯಾಯವನ್ನು ನಮಗೂ ಮಾಡಿಕೊಳ್ಳುತ್ತೇವೆ.

‘ಮನಸ್ಸಿದ್ದರೆ ಮಾರ್ಗ’ ಎನ್ನುವ ಗಾದೆ ಮನಸ್ಸು ಈಗಾಗಲೇ ಇದೆ ಎಂದು ಇಟ್ಟುಕೊಂಡು ಹೊರಡುತ್ತದೆ. ಮನಸ್ಸೇ ಹುಟ್ಟದಿದ್ದಾಗ ಏನು ಮಾಡಬೇಕೆಂಬುದು ಈ ಬರಹದ ವಿಷಯ. ಇಲ್ಲಿನ ಹೆಜ್ಜೆಗಳನ್ನು ಕೊಟ್ಟ ಕ್ರಮದಲ್ಲೇ ಅನುಸರಿಸುವುದು ಒಳ್ಳೆಯದು, ಏಕೆಂದರೆ ರಕ್ತಹೀನತೆಯಿಂದ ಬಳಲುತ್ತಿರುವವರಿಗೆ ಸಮಯ ನಿರ್ವಹಣೆಯ ಪಾಠ ಹೇಳಿ ಪ್ರಯೋಜನವಿಲ್ಲ.

ಮೊದಲ ಹೆಜ್ಜೆ: ತೀರ್ಪು ಬಿಟ್ಟು ಘಟನೆಯನ್ನು ಬರೆಯಿರಿ

ಒಂದು ವಾರದ ಮಟ್ಟಿಗೆ, ಮಾಡಬೇಕಾದ ಕೆಲಸವನ್ನು ಮಾಡದೆ ಬಿಟ್ಟ ಪ್ರತಿ ಸಲವೂ ನಾಲ್ಕೈದು ಸಾಲು ಬರೆದಿಡಿ. ಕೆಲಸ ಯಾವುದು, ಗಂಟೆ ಎಷ್ಟು, ಎಲ್ಲಿಯವರೆಗೆ ಬಂದು ಕೈಬಿಟ್ಟಿರಿ, ಆ ಕ್ಷಣದಲ್ಲಿ ಮೈಯಲ್ಲಿ ಮತ್ತು ಮನಸ್ಸಿನಲ್ಲಿ ಏನಿತ್ತು, ಬದಲಿಗೆ ಏನು ಮಾಡಿದಿರಿ ಎಂಬಷ್ಟೇ ಸಾಕು. ‘ಸೋಮಾರಿತನ’, ‘ಶಿಸ್ತಿಲ್ಲ’, ‘ಬುದ್ಧಿ ಬರಲಿಲ್ಲ’ ಎಂಬಂಥ ಬೈಗುಳ ಈ ಟಿಪ್ಪಣಿಯಲ್ಲಿ ಇರಕೂಡದು. ಉದಾಹರಣೆಗೆ, ಕಚೇರಿಯ ನೌಕರರೊಬ್ಬರ ಟಿಪ್ಪಣಿ ಹೀಗಿರಬಹುದು:

“ಬೆಳಿಗ್ಗೆ 10.15. ವಾರ್ಷಿಕ ವರದಿಯ ಫೈಲ್ ತೆರೆದೆ. ಎರಡನೆಯ ಭಾಗಕ್ಕೆ ಕಳೆದ ವರ್ಷದ ಅಂಕಿಗಳು ಬೇಕು. ಅವು ಲೆಕ್ಕಪತ್ರ ವಿಭಾಗದವರ ಹತ್ತಿರ ಇವೆ. ಹೋದ ತಿಂಗಳೇ ಕೇಳಬೇಕಿತ್ತು, ಈಗ ಕೇಳಿದರೆ ಇಷ್ಟು ದಿನ ಏನು ಮಾಡುತ್ತಿದ್ದಿರಿ ಎನ್ನುತ್ತಾರೆ. ಹೊಟ್ಟೆಯಲ್ಲಿ ಒಂಥರಾ ಸಂಕಟ. ಫೋನ್ ಕೈಗೆ ತೆಗೆದುಕೊಂಡೆ. ನೋಡಿದರೆ 10.50.”

ಈ ಸಾಲುಗಳಲ್ಲಿ ಸೋಮಾರಿತನ ಎಲ್ಲಿದೆಯೆಂದು ಹುಡುಕಿದರೆ ಸಿಗುವುದಿಲ್ಲ. ಸಿಗುವುದು ಒಂದು ಸಂಕೋಚ, ಮತ್ತು ಆ ಸಂಕೋಚ ಬೆಳೆಯುತ್ತ ಹೋದ ಒಂದು ತಿಂಗಳು. ಇವರಿಗೆ ಬೇಕಾಗಿರುವುದು ಹೊಸ ದಿನಚರಿಯ ಪುಸ್ತಕವೂ ಅಲ್ಲ, ಬೆಳಗಿನ ಜಾವ ಏಳುವ ಅಭ್ಯಾಸವೂ ಅಲ್ಲ. “ತಡವಾಗಿ ಕೇಳುತ್ತಿದ್ದೇನೆ, ಕ್ಷಮಿಸಿ, ಕಳೆದ ವರ್ಷದ ಅಂಕಿಗಳನ್ನು ಕಳುಹಿಸುವಿರಾ” ಎಂಬ ಎರಡು ಸಾಲಿನ ಸಂದೇಶ. ವರದಿ ಬರೆಯುವುದು ಕಷ್ಟವೆಂದು ಅವರು ತಿಳಿದಿದ್ದರು, ಆದರೆ ಕಷ್ಟವಾಗಿದ್ದುದು ಬೇರೆಯದೇ ಕೆಲಸ.

ವಾರದ ಕೊನೆಗೆ ಟಿಪ್ಪಣಿಗಳನ್ನು ಒಟ್ಟಿಗೆ ಓದಿ ಕೆಲವು ಪ್ರಶ್ನೆಗಳನ್ನು ಕೇಳಿಕೊಳ್ಳಿ. ಎಲ್ಲ ಕೆಲಸಗಳೂ ಭಾರವಾಗಿವೆಯೇ, ಅಥವಾ ಒಂದೆರಡು ಮಾತ್ರವೇ? ಮೊದಲು ಇಷ್ಟಪಟ್ಟು ಮಾಡುತ್ತಿದ್ದ ಆಟ, ಓದು, ಗೆಳೆಯರ ಭೇಟಿಗಳೂ ಈಗ ಬೇಡವೆನಿಸುತ್ತಿವೆಯೇ? ಇದು ಇತ್ತೀಚಿನದೇ, ಬಾಲ್ಯದಿಂದ ಬಂದದ್ದೇ, ಒಂದೇ ಜಾಗದಲ್ಲಿ ಕಾಣಿಸಿಕೊಳ್ಳುತ್ತದೆಯೇ? ಎಲ್ಲವೂ ಭಾರವಾಗಿದ್ದರೆ ದೇಹ ಮತ್ತು ಮನಃಸ್ಥಿತಿಯನ್ನು ಮೊದಲು ನೋಡಬೇಕು. ಒಂದೆರಡು ಕೆಲಸಗಳಷ್ಟೇ ಆಗಿದ್ದರೆ ಆ ಕೆಲಸ ಎಬ್ಬಿಸುವ ಭಾವನೆಯಲ್ಲಿ, ಇಲ್ಲವೇ ಆ ಕೆಲಸದ ರಚನೆಯಲ್ಲೇ ತೊಡಕಿರುತ್ತದೆ. ಕಚೇರಿಯಲ್ಲಿ ಕೈಕಾಲು ಬಿದ್ದುಹೋದಂತಾಗಿ, ಮನೆಗೆ ಬಂದು ತೋಟದ ಕೆಲಸದಲ್ಲಿ ಎರಡು ಗಂಟೆ ಮೈಮರೆಯುವವರು ತಮ್ಮ ಉದ್ಯೋಗದ ಪರಿಸ್ಥಿತಿಯನ್ನು ಪರಿಶೀಲಿಸಬೇಕು.

ಎರಡನೆಯ ಹೆಜ್ಜೆ: ದೇಹದ ಲೆಕ್ಕ ತೆಗೆಯಿರಿ

ನಿದ್ರೆಯಿಂದ ಆರಂಭಿಸಿ. ವಯಸ್ಕರಿಗೆ ದಿನಕ್ಕೆ ಕನಿಷ್ಠ 7 ಗಂಟೆ ನಿದ್ರೆ ಬೇಕೆಂಬುದು ನಿದ್ರಾತಜ್ಞರ ಶಿಫಾರಸು. ವಾರಗಟ್ಟಲೆ ಆರು ಗಂಟೆ ಮಲಗುವವರಿಗೆ ತಮ್ಮ ಚುರುಕುತನ ಎಷ್ಟು ಕುಸಿದಿದೆ ಎಂಬುದು ತಮಗೇ ತಿಳಿಯುವುದಿಲ್ಲ, ಏಕೆಂದರೆ ಆ ಮಂಕು ಅವರಿಗೆ ಮಾಮೂಲಾಗಿಬಿಟ್ಟಿರುತ್ತದೆ. ಎಂಟು ಗಂಟೆ ಮಲಗಿಯೂ ಎದ್ದಾಗ ದಣಿವು ಹೋಗಿರದಿದ್ದರೆ, ಜೋರಾಗಿ ಗೊರಕೆ ಹೊಡೆಯುತ್ತೀರಿ, ನಡುವೆ ಉಸಿರು ನಿಂತಂತಾಗುತ್ತದೆ ಎಂದು ಪಕ್ಕದಲ್ಲಿ ಮಲಗುವವರು ಹೇಳುತ್ತಿದ್ದರೆ, ನಿದ್ರೆಯಲ್ಲಿ ಉಸಿರುಕಟ್ಟುವ ತೊಂದರೆ ಇರಬಹುದು. ಅದಕ್ಕೆ ಪರೀಕ್ಷೆಯೂ ಚಿಕಿತ್ಸೆಯೂ ಇವೆ. ಸಂಜೆಯ ಕಾಫಿಯನ್ನೂ ಲೆಕ್ಕಕ್ಕೆ ಹಿಡಿಯಿರಿ. ಕುಡಿದ ಕೆಫೀನ್‌ನಲ್ಲಿ ಅರ್ಧದಷ್ಟು ಸುಮಾರು ಐದು ಗಂಟೆಗಳ ನಂತರವೂ ದೇಹದಲ್ಲಿ ಉಳಿದಿರುತ್ತದೆ.

ನಂತರ ರಕ್ತಪರೀಕ್ಷೆ. ಹಿಮೋಗ್ಲೋಬಿನ್ ಪ್ರಮಾಣ ಗಂಡಸರಲ್ಲಿ ಡೆಸಿಲೀಟರಿಗೆ 13 ಗ್ರಾಂ, ಗರ್ಭಿಣಿಯರಲ್ಲದ ಹೆಂಗಸರಲ್ಲಿ 12 ಗ್ರಾಂಗಿಂತ ಕಡಿಮೆಯಿದ್ದರೆ ಅದನ್ನು ವಿಶ್ವ ಆರೋಗ್ಯ ಸಂಸ್ಥೆ ರಕ್ತಹೀನತೆ ಎಂದು ಪರಿಗಣಿಸುತ್ತದೆ. ಆದರೆ ಹಿಮೋಗ್ಲೋಬಿನ್ ಇಳಿಯುವುದಕ್ಕೆ ಮುಂಚೆಯೇ ದೇಹದ ಕಬ್ಬಿಣದ ದಾಸ್ತಾನು ಖಾಲಿಯಾಗುತ್ತ ಬಂದಿರುತ್ತದೆ, ದಣಿವೂ ಶುರುವಾಗಿರುತ್ತದೆ. ಆ ದಾಸ್ತಾನನ್ನು ತೋರಿಸುವುದು ಫೆರಿಟಿನ್ ಪರೀಕ್ಷೆ. ಮುಟ್ಟಿನ ಸಮಯದಲ್ಲಿ ಹೆಚ್ಚು ರಕ್ತಸ್ರಾವವಾಗುವ ಹೆಂಗಸರು ‘ಹಿಮೋಗ್ಲೋಬಿನ್ ಸರಿಯಾಗಿದೆ, ನಿಮಗೇನೂ ಆಗಿಲ್ಲ’ ಎಂಬ ಮಾತಿಗೇ ಸುಮ್ಮನಾಗದೆ ಫೆರಿಟಿನ್ ಬಗ್ಗೆಯೂ ಕೇಳಬೇಕು. ಇವುಗಳ ಜೊತೆಗೆ ಥೈರಾಯ್ಡ್‌ನ ಟಿಎಸ್‌ಎಚ್, ವಿಟಮಿನ್ ಬಿ12, ರಕ್ತದ ಸಕ್ಕರೆಯ ಮಟ್ಟವನ್ನು ನೋಡಿಸುವುದು ಸೂಕ್ತ. ಥೈರಾಯ್ಡ್ ಗ್ರಂಥಿ ಮಂದವಾದವರಲ್ಲಿ ದಣಿವು, ಚಳಿ ತಡೆಯದಿರುವುದು, ತೂಕ ಏರುವುದು, ಯೋಚನೆ ನಿಧಾನವಾಗುವುದು ಎಲ್ಲವೂ ಎಷ್ಟು ಮೆಲ್ಲಗೆ ಬರುತ್ತವೆಂದರೆ, ರೋಗಿಯೇ ಅದನ್ನು ತನ್ನ ಸ್ವಭಾವ ಬದಲಾಗಿದೆಯೆಂದು ಒಪ್ಪಿಕೊಂಡಿರುತ್ತಾರೆ. ಮಾಂಸಾಹಾರ ಸೇವಿಸದವರಲ್ಲಿ ಮತ್ತು ಮಧುಮೇಹಕ್ಕಾಗಿ ಬಹುಕಾಲ ಮೆಟ್‌ಫಾರ್ಮಿನ್ ಸೇವಿಸುವವರಲ್ಲಿ ಬಿ12 ಕೊರತೆಯ ಸಾಧ್ಯತೆ ಹೆಚ್ಚು.

ತೆಗೆದುಕೊಳ್ಳುತ್ತಿರುವ ಮಾತ್ರೆಗಳ ಪಟ್ಟಿಯನ್ನೂ ವೈದ್ಯರಿಗೆ ತೋರಿಸಿ. ಅಲರ್ಜಿಗೆ ಕೊಡುವ ಕೆಲವು ಮಾತ್ರೆಗಳು, ರಕ್ತದೊತ್ತಡಕ್ಕೆ ಕೊಡುವ ಬೀಟಾ ಬ್ಲಾಕರ್ ಗುಂಪಿನ ಮಾತ್ರೆಗಳು ಮೈಯನ್ನು ಜಡವಾಗಿಸಬಲ್ಲವು. ಹಾಗೆಂದು ತಾವಾಗಿಯೇ ಮಾತ್ರೆ ನಿಲ್ಲಿಸುವುದು ಅಪಾಯ; ಪರೀಕ್ಷೆಯಿಲ್ಲದೆ ಅಂಗಡಿಯಿಂದ ಕಬ್ಬಿಣದ ಮಾತ್ರೆ ತಂದು ತಿಂಗಳುಗಟ್ಟಲೆ ನುಂಗುವುದೂ ಅಷ್ಟೇ ತಪ್ಪು, ಏಕೆಂದರೆ ಹೆಚ್ಚಾದ ಕಬ್ಬಿಣವನ್ನು ಹೊರಹಾಕುವ ಸುಲಭದ ದಾರಿ ದೇಹಕ್ಕಿಲ್ಲ.

ಇತ್ತೀಚೆಗೆ ಜ್ವರವೋ ಬೇರೆ ಸೋಂಕೋ ಬಂದುಹೋಗಿದ್ದರೆ ಅದನ್ನೂ ಮರೆಯಬಾರದು. ಸೋಂಕಿನ ವಿರುದ್ಧ ಹೋರಾಡುವಾಗ ರೋಗನಿರೋಧಕ ವ್ಯವಸ್ಥೆ ಬಿಡುಗಡೆ ಮಾಡುವ ಸೈಟೊಕೈನ್‌ಗಳು ಮಿದುಳಿನ ಮೇಲೂ ಪರಿಣಾಮ ಬೀರಿ, ಹಸಿವು, ಒಡನಾಟದ ಆಸೆ, ಕೆಲಸದ ಹುರುಪು ಎಲ್ಲವನ್ನೂ ತಗ್ಗಿಸುತ್ತವೆ. ಶಕ್ತಿಯನ್ನು ಉಳಿಸಿ ಗುಣಮುಖವಾಗಲು ದೇಹ ಮಾಡಿಕೊಳ್ಳುವ ಏರ್ಪಾಡು ಅದು. ಜ್ವರ ಬಿಟ್ಟ ಮಾರನೆಯ ದಿನವೇ ಈ ಏರ್ಪಾಡು ಮುಗಿಯಬೇಕೆಂಬ ನಿಯಮವೇನೂ ಇಲ್ಲ.

ಮೂರನೆಯ ಹೆಜ್ಜೆ: ಆಸಕ್ತಿ ಎಷ್ಟು ಅಗಲವಾಗಿ ಕುಗ್ಗಿದೆ ಎಂದು ನೋಡಿ

ಖಿನ್ನತೆ ಎಂದರೆ ಅಳುವುದು ಎಂದು ತಿಳಿದವರು ಬಹಳ. ವಾಸ್ತವದಲ್ಲಿ ಅದರ ಎರಡು ಮುಖ್ಯ ಲಕ್ಷಣಗಳಲ್ಲಿ ಒಂದು ಕುಗ್ಗಿದ ಮನಸ್ಸಾದರೆ, ಮತ್ತೊಂದು ಆಸಕ್ತಿ ಮತ್ತು ಸಂತೋಷ ಬತ್ತಿಹೋಗುವುದು. ಎರಡನೆಯದು ದುಃಖವಿಲ್ಲದೆಯೂ ಬರಬಹುದು. ಇವೆರಡರಲ್ಲಿ ಒಂದಾದರೂ ದಿನದ ಹೆಚ್ಚಿನ ಭಾಗ, ಹೆಚ್ಚುಕಡಿಮೆ ಪ್ರತಿದಿನವೂ, ಎರಡು ವಾರ ಇದ್ದು, ನಿದ್ರೆ, ಹಸಿವು, ಏಕಾಗ್ರತೆಗಳಲ್ಲೂ ಏರುಪೇರಾಗಿದ್ದರೆ ಮನೋವೈದ್ಯರನ್ನು ಅಥವಾ ಕುಟುಂಬ ವೈದ್ಯರನ್ನು ಕಾಣಲು ಅಷ್ಟು ಕಾರಣ ಸಾಕು. ಸಾಯುವ ಯೋಚನೆ ಬರುತ್ತಿದ್ದರೆ ಎರಡು ವಾರದ ಲೆಕ್ಕ ಬೇಡ; ಅಂದೇ, ನಂಬಿಕೆಯ ಒಬ್ಬರಿಗೆ ಹೇಳಿ ಅವರ ಜೊತೆಯಲ್ಲೇ ವೈದ್ಯರಲ್ಲಿಗೆ ಹೋಗಬೇಕು.

ಬೇಕೆಂಬ ಆಸೆ ಇದ್ದೂ ಏಳಲಾಗದಿರುವ ವಿಚಿತ್ರ ಸ್ಥಿತಿಯ ಬಗ್ಗೆ ನರವಿಜ್ಞಾನ ಒಂದು ಸ್ಪಷ್ಟ ಚಿತ್ರ ಕೊಟ್ಟಿದೆ. ಜಾನ್ ಸಾಲಮೋನ್ ಮತ್ತು ಸಂಗಡಿಗರು ಇಲಿಗಳ ಮೇಲೆ ನಡೆಸಿದ ಪ್ರಯೋಗಗಳಲ್ಲಿ, ಮಿದುಳಿನ ಒಂದು ಭಾಗದಲ್ಲಿ ಡೋಪಮಿನ್ ಎಂಬ ನರರಾಸಾಯನಿಕವನ್ನು ಕಡಿಮೆ ಮಾಡಿದಾಗಲೂ ಇಲಿಗಳು ಎದುರಿಗೆ ಸುಮ್ಮನೆ ಸಿಗುವ ಆಹಾರವನ್ನು ತಿಂದವು. ಹೆಚ್ಚು ರುಚಿಯಾದ ಆಹಾರಕ್ಕಾಗಿ ಸನ್ನೆಗೋಲನ್ನು ಮತ್ತೆ ಮತ್ತೆ ಒತ್ತುವ, ತಡೆಯನ್ನು ಹತ್ತಿ ದಾಟುವ ಶ್ರಮಕ್ಕೆ ಮಾತ್ರ ಅವು ಮುಂದಾಗಲಿಲ್ಲ. ಹಸಿವು ಹಾಗೇ ಇತ್ತು. ಶ್ರಮ ಪಡಲು ಒಪ್ಪುವ ಮಿತಿ ಕುಸಿದಿತ್ತು. ಹೊರಗಿನಿಂದ ನೋಡುವವರಿಗೆ ಅದು ಮೈಗಳ್ಳತನದಂತೆಯೇ ಕಾಣುತ್ತದೆ. ಪಾರ್ಕಿನ್ಸನ್, ಆಲ್‌ಝೈಮರ್ ಕಾಯಿಲೆಗಳಲ್ಲಿ, ಪಾರ್ಶ್ವವಾಯುವಿನ ನಂತರ ಕಾಣಿಸಿಕೊಳ್ಳುವ ನಿರಾಸಕ್ತಿಯ ಹಿಂದೆಯೂ ಮಿದುಳಿನ ಇಂಥ ಬದಲಾವಣೆಗಳಿವೆ. ವಯಸ್ಸಾದ ತಂದೆಯೋ ತಾಯಿಯೋ ಇದ್ದಕ್ಕಿದ್ದಂತೆ ಕುಳಿತಲ್ಲೇ ಕುಳಿತುಬಿಟ್ಟರೆ ‘ಹಟ’ ಎನ್ನುವ ಮೊದಲು ನರತಜ್ಞರಿಗೆ ತೋರಿಸಿ.

ಸೌಮ್ಯ ಮಟ್ಟದ ಕುಗ್ಗಿನಲ್ಲಿ ನೀವೇ ಮಾಡಬಹುದಾದದ್ದೊಂದಿದೆ. ಮನಸ್ಸು ಬಂದಮೇಲೆ ಮಾಡೋಣವೆಂದು ಕಾಯದೆ, ಹಿಂದೆ ಸ್ವಲ್ಪವಾದರೂ ಹಿತ ಅಥವಾ ತೃಪ್ತಿ ಕೊಟ್ಟಿದ್ದ ಚಿಕ್ಕ ಕೆಲಸವೊಂದನ್ನು ಗೊತ್ತಾದ ಗಂಟೆಗೆ ನಿಗದಿ ಮಾಡಿ, ಮನಸ್ಸಿದ್ದರೂ ಇಲ್ಲದಿದ್ದರೂ ಮಾಡುವುದು. ಮಾಡುವ ಮೊದಲು ಮತ್ತು ಮಾಡಿದ ನಂತರ ಮನಃಸ್ಥಿತಿಗೆ ಹತ್ತರಲ್ಲಿ ಒಂದು ಅಂಕ ಕೊಟ್ಟು ಬರೆದಿಡುವುದು. ಪೀಟರ್ ಲೆವಿನ್‌ಸನ್ 1970ರ ದಶಕದಲ್ಲಿ ರೂಪಿಸಿದ ವಿಚಾರಗಳಿಂದ ಬೆಳೆದ ಈ ವಿಧಾನವನ್ನು ನೀಲ್ ಜೇಕಬ್‌ಸನ್ ತಂಡ 1996ರಲ್ಲಿ ಯೋಚನೆಯ ಧಾಟಿಯನ್ನೂ ಬದಲಿಸಲು ನೋಡುವ, ಖಿನ್ನತೆಯ ಪೂರ್ಣ ಪ್ರಮಾಣದ ಅರಿವಿನ ಚಿಕಿತ್ಸೆಯೊಂದಿಗೆ ಹೋಲಿಸಿ ನೋಡಿದಾಗ, ಚಟುವಟಿಕೆಯ ಭಾಗವೊಂದೇ ಅಷ್ಟೇ ಫಲ ಕೊಟ್ಟಿತ್ತು. ಅಂಕ ಬರೆದಿಡುವುದು ಏಕೆ ಮುಖ್ಯವೆಂದರೆ, ಕುಗ್ಗಿದ ಮನಸ್ಸು ‘ಏನು ಮಾಡಿದರೂ ಅಷ್ಟೇ’ ಎಂದು ಹೇಳುತ್ತಿರುತ್ತದೆ. ನಡೆದಾಡಿ ಬಂದ ಮೇಲೆ ಮೂರು ಇದ್ದದ್ದು ನಾಲ್ಕಾಗಿದೆ ಎಂದು ನಿಮ್ಮದೇ ಕೈಬರಹದಲ್ಲಿರುವಾಗ ಆ ಮಾತನ್ನು ಪೂರ್ತಿ ನಂಬುವುದು ಕಷ್ಟ.

ನಾಲ್ಕನೆಯ ಹೆಜ್ಜೆ: ಯಾವ ಭಾವನೆಯಿಂದ ಓಡುತ್ತಿದ್ದೀರಿ ಎಂದು ಗುರುತಿಸಿ

ದೇಹ ಮತ್ತು ಮನಃಸ್ಥಿತಿ ಹೆಚ್ಚುಕಡಿಮೆ ಸರಿಯಿದ್ದು ಕೆಲವೇ ಕೆಲಸಗಳು ಮುಂದಕ್ಕೆ ಹೋಗುತ್ತಿದ್ದರೆ ಈ ಹೆಜ್ಜೆ ನಿಮಗೆ. ಕೆಲಸ ಮುಂದೂಡುವುದು ಮೂಲತಃ ಸಮಯದ ಸಮಸ್ಯೆಯಲ್ಲ, ಭಾವನೆಯನ್ನು ನಿಭಾಯಿಸುವ ಸಮಸ್ಯೆ ಎಂಬುದು ಫ್ಯೂಷಿಯಾ ಸಿರೋಯಿಸ್ ಮತ್ತು ತಿಮೋತಿ ಪಿಚಿಲ್ 2013ರಲ್ಲಿ ಮಂಡಿಸಿದ ವಾದ. ಕೆಲಸ ನೆನಪಾದೊಡನೆ ಆತಂಕವೋ ಬೇಸರವೋ ಏಳುತ್ತದೆ, ಕೆಲಸವನ್ನು ಬದಿಗಿಟ್ಟ ಕೂಡಲೇ ಅದು ಇಳಿಯುತ್ತದೆ, ಆ ನೆಮ್ಮದಿಯೇ ಬಹುಮಾನವಾಗಿ ಮುಂದಿನ ಸಲವೂ ಬದಿಗಿಡುವ ಅಭ್ಯಾಸವನ್ನು ಗಟ್ಟಿ ಮಾಡುತ್ತದೆ. ಸಾಲ ತೀರಿಸುವ ಹೊಣೆ ಮಾತ್ರ ನಾಳೆಯ ನಿಮ್ಮದು.

ಎಲ್ಲರೂ ಹೆಸರಿಸುವ ಭಾವನೆ ಸೋಲಿನ ಭಯ. ನಾನು ನೋಡಿದಂತೆ ಅದಕ್ಕಿಂತ ಹೆಚ್ಚು ಕೆಲಸ ಕೆಡಿಸುವವು ಇನ್ನೆರಡು, ಅವುಗಳ ಬಗ್ಗೆ ಮಾತು ಕಡಿಮೆ. ಒಂದು ಅಸಮಾಧಾನ: ‘ಇದನ್ನು ನಾನೇ ಏಕೆ ಮಾಡಬೇಕು’ ಎಂಬ ಬಾಯಿಬಿಟ್ಟು ಹೇಳದ ಸಿಟ್ಟು. ಹೇಳಲು ಅವಕಾಶವಿಲ್ಲದ ಕಡೆ ಆ ಸಿಟ್ಟು ನಿಧಾನದ ರೂಪದಲ್ಲಿ ಹೊರಬರುತ್ತದೆ. ಮತ್ತೊಂದು ಗೊಂದಲ: ಏನು ಮಾಡಬೇಕೆಂದು ನಿಜವಾಗಿ ಅರ್ಥವಾಗಿಲ್ಲ, ಆದರೆ ಅರ್ಥವಾಗಿಲ್ಲವೆಂದು ಒಪ್ಪಿಕೊಳ್ಳಲು ನಾಚಿಕೆ. ಸಿಟ್ಟಿಗೆ ಮಾತುಕತೆ ಬೇಕು, ಗೊಂದಲಕ್ಕೆ ಪ್ರಶ್ನೆ ಬೇಕು. ಎರಡಕ್ಕೂ ‘ಇನ್ನಷ್ಟು ಇಚ್ಛಾಶಕ್ತಿ’ ಎಂಬ ಒಂದೇ ಔಷಧಿ ಕೊಟ್ಟರೆ ಯಾವುದೂ ವಾಸಿಯಾಗುವುದಿಲ್ಲ. ಆದ್ದರಿಂದ ಮೊದಲ ಹೆಜ್ಜೆಯ ಟಿಪ್ಪಣಿಯಲ್ಲಿ ಪ್ರತಿ ಘಟನೆಯ ಪಕ್ಕ ಒಂದು ಭಾವನೆಯ ಹೆಸರು ಬರೆಯಿರಿ. ‘ಏನೋ ಒಂಥರಾ’ ಎಂದಷ್ಟೇ ಬರೆಯುವಂತಾದರೆ ಇನ್ನೂ ಸ್ವಲ್ಪ ಹೊತ್ತು ಕುಳಿತು ಯೋಚಿಸಿ.

ತನ್ನನ್ನು ತಾನೇ ಬೈದುಕೊಂಡರೆ ಬುದ್ಧಿ ಬರುತ್ತದೆ ಎಂಬ ನಂಬಿಕೆಗೆ ಪುರಾವೆ ಸಾಲದು. ಮೈಕಲ್ ವೋಲ್, ಪಿಚಿಲ್ ಮತ್ತು ಶಾನನ್ ಬೆನೆಟ್ 2010ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಮೊದಲ ಪರೀಕ್ಷೆಯ ಓದನ್ನು ಮುಂದೂಡಿದ್ದಕ್ಕೆ ತಮ್ಮನ್ನು ತಾವು ಕ್ಷಮಿಸಿಕೊಂಡ ವಿದ್ಯಾರ್ಥಿಗಳು ಮುಂದಿನ ಪರೀಕ್ಷೆಗೆ ಓದನ್ನು ಮುಂದೂಡಿದ್ದು ಕಡಿಮೆ. ಇದರಲ್ಲಿ ಆಶ್ಚರ್ಯವಿಲ್ಲ. ಬೈಗುಳದಿಂದ ಆ ಕೆಲಸದ ಸುತ್ತಲಿನ ಕಹಿ ಹೆಚ್ಚುತ್ತದೆ, ಕಹಿ ಹೆಚ್ಚಿದಷ್ಟೂ ಅದರ ಹತ್ತಿರ ಸುಳಿಯಲು ಮನಸ್ಸು ಹಿಂಜರಿಯುತ್ತದೆ.

ಐದನೆಯ ಹೆಜ್ಜೆ: ಕೆಲಸದಲ್ಲೇ ಇರುವ ದೋಷ ಸರಿಪಡಿಸಿ

ಅನೇಕ ಸಲ ದೋಷ ಮಾಡುವವರಲ್ಲಿ ಇರುವುದೇ ಇಲ್ಲ. ‘ಪ್ರಬಂಧ ಮುಗಿಸಬೇಕು’, ‘ಆರೋಗ್ಯ ನೋಡಿಕೊಳ್ಳಬೇಕು’, ‘ಮನೆ ಸರಿಮಾಡಬೇಕು’ ಎಂಬಂಥವು ಕೆಲಸಗಳ ಪಟ್ಟಿಯಲ್ಲಿ ವರ್ಷಗಟ್ಟಲೆ ಕೂರುವುದು ಅವು ಕೆಲಸಗಳೇ ಅಲ್ಲದಿರುವುದರಿಂದ. ಕೈಗೆ ಏನು ಮಾಡಬೇಕೆಂದು ತಿಳಿಯುವಂತೆ ಅವುಗಳನ್ನು ಮತ್ತೆ ಬರೆಯಬೇಕು. ‘ಮೂರನೆಯ ಅಧ್ಯಾಯ ಬರೆಯಬೇಕು’ ಎಂಬುದನ್ನು ‘ಎರಡನೆಯ ಕೋಷ್ಟಕದ ಕೆಳಗೆ, ಅದರಲ್ಲಿ ಯಾವ ಅಂಕಿ ದೊಡ್ಡದು ಎಂದು ಹೇಳುವ ಮೂರು ವಾಕ್ಯ ಬರೆಯಬೇಕು’ ಎಂದು ಬದಲಿಸಿ ನೋಡಿ. ಮೊದಲನೆಯದನ್ನು ಓದಿದಾಗ ಮನಸ್ಸು ಇಡೀ ಅಧ್ಯಾಯದ ಭಾರವನ್ನು ಒಟ್ಟಿಗೆ ಎತ್ತಲು ಹೋಗುತ್ತದೆ. ಎರಡನೆಯದನ್ನು ಓದಿದಾಗ ಕಣ್ಣು ಕೋಷ್ಟಕವನ್ನು ಹುಡುಕುತ್ತದೆ.

ಹೀಗೆ ಬರೆದ ಮೇಲೆ ಅದಕ್ಕೊಂದು ಸಂದರ್ಭವನ್ನು ಕಟ್ಟಿಹಾಕಿ. ‘ರಾತ್ರಿ ಊಟದ ತಟ್ಟೆ ತೊಳೆದಿಟ್ಟ ಕೂಡಲೇ ಮೇಜಿನ ಮುಂದೆ ಕುಳಿತು ಆ ಮೂರು ವಾಕ್ಯ ಬರೆಯುತ್ತೇನೆ’ ಎಂಬಂತೆ, ಯಾವುದಾದ ಮೇಲೆ ಯಾವುದು ಎಂದು ಮೊದಲೇ ಗೊತ್ತುಮಾಡಿಕೊಳ್ಳುವ ಈ ಕ್ರಮವನ್ನು ಮನೋವಿಜ್ಞಾನಿ ಪೀಟರ್ ಗೋಲ್‌ವಿಟ್ಸರ್ 1990ರ ದಶಕದಿಂದ ಅಧ್ಯಯನ ಮಾಡುತ್ತ ಬಂದಿದ್ದಾರೆ. ಅವರು ಮತ್ತು ಪ್ಯಾಸ್ಕಲ್ ಶೀರನ್ 2006ರಲ್ಲಿ 94 ಪರೀಕ್ಷೆಗಳ ಫಲಿತಾಂಶಗಳನ್ನು ಒಟ್ಟುಗೂಡಿಸಿ ನೋಡಿದಾಗ, ಬರೀ ಗುರಿ ಇಟ್ಟುಕೊಂಡವರಿಗಿಂತ ಹೀಗೆ ಸಂದರ್ಭವನ್ನೂ ನಿಶ್ಚಯಿಸಿಕೊಂಡವರು ಗುರಿ ಮುಟ್ಟುವುದು ಗಣನೀಯವಾಗಿ ಹೆಚ್ಚಿತ್ತು. ‘ಬಿಡುವಾದಾಗ’ ಎಂಬುದು ಸಂದರ್ಭವಲ್ಲ. ತಟ್ಟೆ ತೊಳೆಯುವುದು ಸಂದರ್ಭ, ಏಕೆಂದರೆ ಅದು ಆಗುವುದು ಖಚಿತ ಮತ್ತು ಆದದ್ದು ಕಣ್ಣಿಗೆ ಕಾಣುತ್ತದೆ.

ಆರನೆಯ ಹೆಜ್ಜೆ: ನಿಮ್ಮ ಶ್ರಮಕ್ಕೆ ಫಲ ಸಿಗುತ್ತಿದೆಯೇ ಎಂದು ಕೇಳಿಕೊಳ್ಳಿ

ಮಾರ್ಟಿನ್ ಸೆಲಿಗ್‌ಮನ್ ಮತ್ತು ಸ್ಟೀವನ್ ಮೇಯರ್ 1967ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಏನು ಮಾಡಿದರೂ ತಪ್ಪಿಸಿಕೊಳ್ಳಲಾಗದ ವಿದ್ಯುತ್ ಆಘಾತಕ್ಕೆ ಒಳಗಾದ ನಾಯಿಗಳಲ್ಲಿ ಹೆಚ್ಚಿನವು, ಮುಂದೆ ಸುಲಭವಾಗಿ ತಪ್ಪಿಸಿಕೊಳ್ಳುವ ದಾರಿ ಇದ್ದಾಗಲೂ ಪ್ರಯತ್ನಿಸದೆ ಬಿದ್ದುಕೊಂಡವು. ಇದನ್ನು ಕಲಿತ ಅಸಹಾಯಕತೆ ಎಂದು ಕರೆದರು. ಸುಮಾರು ಐವತ್ತು ವರ್ಷಗಳ ನಂತರ, 2016ರಲ್ಲಿ, ಇದೇ ಇಬ್ಬರು ತಮ್ಮ ವಿವರಣೆಯನ್ನೇ ತಿರುಗುಮುರುಗು ಮಾಡಿದರು: ಬಿಡದೆ ಕಾಡುವ ಕಷ್ಟದ ಎದುರು ಸುಮ್ಮನಾಗುವುದು ಮಿದುಳಿನ ಸಹಜ ಪ್ರತಿಕ್ರಿಯೆ, ಅದನ್ನು ಕಲಿಯಬೇಕಿಲ್ಲ, ಕಲಿಯಬೇಕಾಗಿರುವುದು ‘ನನ್ನ ಕೈಯಲ್ಲಿ ಏನೋ ಇದೆ’ ಎಂಬುದನ್ನು. ಪ್ರಾಯೋಗಿಕವಾಗಿ ಈ ತಿದ್ದುಪಡಿ ಬಹಳ ದೊಡ್ಡದು. ಹುರುಪು ಕಳೆದುಕೊಂಡವರಿಗೆ ಸ್ಫೂರ್ತಿಯ ಭಾಷಣ ಕೊಡುವುದರಿಂದ ಆಗದ್ದು, ಅವರ ಒಂದು ನಿರ್ಧಾರದಿಂದ ಏನಾದರೂ ನಿಜವಾಗಿ ಬದಲಾಗುವುದನ್ನು ಅವರೇ ಕಂಡಾಗ ಆಗಬಹುದು.

ಉದ್ಯೋಗದ ಸ್ಥಳದಲ್ಲಿ ಇದೇ ಸಂಗತಿ ಬಳಲಿಕೆಯ ರೂಪ ತಾಳುತ್ತದೆ. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಅಂಗೀಕಾರವಾದ ತನ್ನ ರೋಗ ವರ್ಗೀಕರಣದಲ್ಲಿ ಬರ್ನ್‌ಔಟ್ ಅನ್ನು ರೋಗವೆಂದು ಹೇಳದೆ, ಸರಿಯಾಗಿ ನಿಭಾಯಿಸದ ದೀರ್ಘಕಾಲದ ಉದ್ಯೋಗ ಒತ್ತಡದ ಫಲವೆಂದು ವಿವರಿಸಿತು. ಶಕ್ತಿ ಬರಿದಾಗುವುದು, ಕೆಲಸದಿಂದ ಮನಸ್ಸು ದೂರವಾಗಿ ಸಿನಿಕತನ ಬರುವುದು, ಕಾರ್ಯಕ್ಷಮತೆ ಕುಗ್ಗುವುದು ಅದರ ಮೂರು ಮುಖಗಳು. ರಜೆಯಲ್ಲಿ ಚೇತರಿಸಿಕೊಂಡು, ಹಿಂತಿರುಗಿದ ವಾರದೊಳಗೆ ಮತ್ತೆ ಮೊದಲಿನಂತಾಗುವವರಿಗೆ ಬೇಕಾದದ್ದು ಇನ್ನೊಂದು ರಜೆಯಲ್ಲ, ಕೆಲಸದ ಹೊರೆಯಲ್ಲಿ ಅಥವಾ ಅಧಿಕಾರದ ಹಂಚಿಕೆಯಲ್ಲಿ ಬದಲಾವಣೆ.

ಎಡ್ವರ್ಡ್ ಡೆಸಿ ಮತ್ತು ರಿಚರ್ಡ್ ರಯಾನ್ ಅವರ ಸಿದ್ಧಾಂತದ ಪ್ರಕಾರ ಒಳಗಿನಿಂದ ಬರುವ ಪ್ರೇರಣೆಗೆ ಮೂರು ಬೇಕು: ತನ್ನ ಆಯ್ಕೆಯಿಂದ ಮಾಡುತ್ತಿದ್ದೇನೆಂಬ ಭಾವ, ಮಾಡಬಲ್ಲೆನೆಂಬ ಅನುಭವ, ಜೊತೆಯವರೊಂದಿಗೆ ನಂಟು. ಹಾಳೆಯೊಂದರಲ್ಲಿ ಈ ಮೂರನ್ನೂ ಬರೆದು, ಯಾವುದು ಬರಿದಾಗಿದೆ ಎಂದು ನೋಡಿ. ಬಾಸ್ ಹೇಳಿದ ಕೆಲಸವನ್ನು ಬದಲಿಸುವುದು ನಿಮ್ಮ ಕೈಯಲ್ಲಿಲ್ಲದಿರಬಹುದು. ಅದನ್ನು ಯಾವ ಕ್ರಮದಲ್ಲಿ, ಯಾವ ಹೊತ್ತಿನಲ್ಲಿ, ಯಾರ ಜೊತೆ ಮಾಡುವುದೆಂಬುದರಲ್ಲಿ ಒಂದಾದರೂ ನಿಮ್ಮ ಕೈಯಲ್ಲಿರುತ್ತದೆ. ಅಷ್ಟೂ ಇಲ್ಲವೆಂದಾದರೆ ದೋಷ ಖಂಡಿತ ನಿಮ್ಮದಲ್ಲ.

ಏಳನೆಯ ಹೆಜ್ಜೆ: ಬಾಲ್ಯದಿಂದಲೂ ಹೀಗೆಯೇ ಇದ್ದರೆ

ಇಷ್ಟದ ವಿಷಯದಲ್ಲಿ ಗಂಟೆಗಟ್ಟಲೆ ಮುಳುಗಬಲ್ಲವರು, ಬೇಕೇಬೇಕಾದ ಚಿಕ್ಕ ಅರ್ಜಿಯೊಂದನ್ನು ತುಂಬಲು ವಾರಗಟ್ಟಲೆ ಒದ್ದಾಡುತ್ತಿದ್ದರೆ, ವಸ್ತುಗಳನ್ನು ಕಳೆಯುವುದು, ಸಮಯದ ಅಂದಾಜು ತಪ್ಪುವುದು, ಕೊನೆಯ ಗಳಿಗೆಯ ಗಾಬರಿ ಬಂದಾಗ ಮಾತ್ರ ಕೆಲಸ ಸಾಗುವುದು ಶಾಲಾದಿನಗಳಿಂದಲೂ ಇದ್ದರೆ, ಎಡಿಎಚ್‌ಡಿ (ಗಮನದ ಕೊರತೆ ಮತ್ತು ಅತಿಚಟುವಟಿಕೆಯ ತೊಂದರೆ) ಇದೆಯೇ ಎಂದು ತಜ್ಞರಲ್ಲಿ ಪರೀಕ್ಷಿಸಿಕೊಳ್ಳಬೇಕು. ಹನ್ನೆರಡು ವಯಸ್ಸಿನೊಳಗೇ ಹಲವು ಲಕ್ಷಣಗಳು ಕಾಣಿಸಿಕೊಂಡಿರಬೇಕು, ಮನೆ ಮತ್ತು ಶಾಲೆ ಅಥವಾ ಕಚೇರಿಯಂತೆ ಕನಿಷ್ಠ ಎರಡು ಕಡೆ ಇರಬೇಕು ಎಂಬುದು ರೋಗನಿರ್ಣಯದ ನಿಯಮ. ಹಳೆಯ ಅಂಕಪಟ್ಟಿಗಳ ಮೇಲೆ ಶಿಕ್ಷಕರು ‘ಬುದ್ಧಿವಂತ, ಆದರೆ ಗಮನ ಕೊಡುವುದಿಲ್ಲ’ ಎಂದು ಬರೆದಿದ್ದರೆ ಅದನ್ನು ಜೊತೆಗೆ ಒಯ್ಯಿರಿ. ಮೊಬೈಲಿನಲ್ಲಿ ಹತ್ತು ಪ್ರಶ್ನೆಗಳಿಗೆ ಉತ್ತರಿಸಿ ತಾವೇ ನಿರ್ಧರಿಸಿಕೊಳ್ಳಬೇಡಿ. ನಿದ್ರಾಹೀನತೆಯೂ ಆತಂಕವೂ ಹೆಚ್ಚುಕಡಿಮೆ ಇದೇ ವೇಷದಲ್ಲಿ ಬರುತ್ತವೆ.

ಎಂಟನೆಯ ಹೆಜ್ಜೆ: ‘ಬೇಡ’ ಎಂಬ ಉತ್ತರಕ್ಕೂ ಜಾಗ ಕೊಡಿ

ಇಷ್ಟೆಲ್ಲ ನೋಡಿದ ಮೇಲೆ ಕೆಲವೊಮ್ಮೆ ಯಾವ ಅಡ್ಡಿಯೂ ಸಿಗುವುದಿಲ್ಲ. ಆ ಕೆಲಸ ನಿಮಗೆ ಬೇಕಾಗಿಲ್ಲ, ಅಷ್ಟೇ. ಯಾರೋ ಹೇಳಿದರೆಂದು ಸೇರಿದ ಕೋರ್ಸು, ಐದು ವರ್ಷದ ಹಿಂದಿನ ನಿಮಗೆ ಬೇಕಾಗಿದ್ದ ಹವ್ಯಾಸ, ಬೇಡವೆನ್ನಲಾಗದೆ ಒಪ್ಪಿಕೊಂಡ ಜವಾಬ್ದಾರಿ ಇವುಗಳನ್ನು ಮುಂದೂಡುವುದಕ್ಕಿಂತ ಬಿಡುವುದು ಪ್ರಾಮಾಣಿಕ. ಪಟ್ಟಿಯಿಂದ ಹೊಡೆದುಹಾಕಿ, ತಿಳಿಸಬೇಕಾದವರಿಗೆ ತಿಳಿಸಿ. ಸುಮ್ಮನೆ ಕುಳಿತು ಹೊತ್ತು ಕಳೆಯುವ ಆಸೆಯೂ ಮನುಷ್ಯರಿಗೆ ಇರುತ್ತದೆ, ಅದಕ್ಕೆ ಕಾಯಿಲೆಯ ಹೆಸರು ಹುಡುಕಬೇಕಾಗಿಲ್ಲ. ನೀವು ಮಾಡದೆ ಬಿಟ್ಟ ಕೆಲಸವನ್ನು ಮನೆಯ ಇನ್ನೊಬ್ಬರು ಸದ್ದಿಲ್ಲದೆ ಮಾಡುತ್ತಿದ್ದರೆ ಮಾತ್ರ ಅದು ನಿಮ್ಮ ಹುರುಪಿನ ಪ್ರಶ್ನೆಯಾಗಿ ಉಳಿಯದೆ ನ್ಯಾಯದ ಪ್ರಶ್ನೆಯಾಗುತ್ತದೆ, ಮತ್ತು ಅದಕ್ಕೆ ಈ ಲೇಖನದ ಯಾವ ಹೆಜ್ಜೆಯೂ ನೆಪವಾಗಲಾರದು.

ಒಂಬತ್ತನೆಯ ಹೆಜ್ಜೆ: ಬೇರೆಯವರಲ್ಲಿ ಕೇಳುವ ಪ್ರಶ್ನೆಯನ್ನು ಬದಲಿಸಿ

‘ಏಕೆ ಮಾಡಿಲ್ಲ?’ ಎಂಬ ಪ್ರಶ್ನೆಗೆ ಬರುವುದು ನೆಪ ಅಥವಾ ಮೌನ, ಏಕೆಂದರೆ ಅದು ಕೇಳುವ ಧಾಟಿಯಲ್ಲೇ ಆರೋಪವಿದೆ. ‘ಎಲ್ಲಿಗೆ ಬಂದು ನಿಂತಿದೆ?’ ಎಂದು ಕೇಳಿದರೆ ಕೆಲಸದ ಕಡೆ ನೋಡಬೇಕಾಗುತ್ತದೆ. ಮನೆಯಲ್ಲಿ ಅದು ಹೀಗೆ ಸಾಗಬಹುದು:

“ಲೆಕ್ಕ ಮುಗೀತೇನೋ?”

“ಆಮೇಲೆ ಮಾಡ್ತೀನಮ್ಮ.”

“ಎಲ್ಲಿವರೆಗೆ ಬಂದಿದೆ, ತೋರಿಸು.”

“ಇದು. ಭಿನ್ನರಾಶಿಯ ಭಾಗಾಕಾರ.”

“ಇದಕ್ಕೆ ಮೊದಲಿನದೆಲ್ಲ ಸರಿಯಾಗೇ ಮಾಡಿದ್ದೀಯಲ್ಲ.”

“ಇದನ್ನ ಹೇಳಿಕೊಟ್ಟ ದಿನ ನಂಗೆ ಜ್ವರ ಇತ್ತು. ಕೆಳಗಿನದನ್ನ ಮೇಲೆ ಯಾಕೆ ಹಾಕ್ತಾರೋ ಗೊತ್ತಾಗಲ್ಲ.”

ಒಂದು ವಾರದಿಂದ ‘ಆಟದ ಮೇಲೇ ಗಮನ’ ಎಂದು ಬೈಸಿಕೊಳ್ಳುತ್ತಿದ್ದ ಹುಡುಗನಿಗೆ ತಪ್ಪಿಹೋಗಿದ್ದುದು ಒಂದು ಪಾಠ, ಅರ್ಧ ಗಂಟೆಯ ಕೆಲಸ. ಸಹೋದ್ಯೋಗಿಗಳ ಜೊತೆಗೂ ಇದೇ ಪ್ರಶ್ನೆ ನಡೆಯುತ್ತದೆ. ಆದರೆ ಉತ್ತರ ಬಂದ ಮೇಲೆ ಅದನ್ನು ಅವರ ವಿರುದ್ಧ ಬಳಸಿದರೆ ಎರಡನೆಯ ಸಲ ಯಾರೂ ನಿಜ ಹೇಳುವುದಿಲ್ಲ.

ಕಾರಣಗಳು ಒಂದಕ್ಕಿಂತ ಹೆಚ್ಚು ಸಿಕ್ಕರೆ

ಬಹುಪಾಲು ಜನರಿಗೆ ಎರಡು ಮೂರು ಕಾರಣಗಳು ಒಟ್ಟಿಗೇ ಸಿಗುತ್ತವೆ: ಕಡಿಮೆ ನಿದ್ರೆ, ಅದರ ಮೇಲೆ ಅಸ್ಪಷ್ಟ ಕೆಲಸ, ಅದರ ಮೇಲೆ ತಡವಾದ ನಾಚಿಕೆ. ಎಲ್ಲವನ್ನೂ ಒಮ್ಮೆಗೇ ಸರಿಪಡಿಸಲು ಹೊರಟರೆ ಅದೇ ಇನ್ನೊಂದು ಮುಂದೂಡುವ ಕೆಲಸವಾಗುತ್ತದೆ. ನಿದ್ರೆ ಮತ್ತು ರಕ್ತಪರೀಕ್ಷೆಯನ್ನು ಮೊದಲು ಮುಗಿಸಿ, ಉಳಿದವುಗಳಲ್ಲಿ ಟಿಪ್ಪಣಿಯಲ್ಲಿ ಅತಿ ಹೆಚ್ಚು ಸಲ ಕಾಣಿಸಿಕೊಂಡ ಒಂದನ್ನು ಮಾತ್ರ ಎತ್ತಿಕೊಂಡು ಎರಡು ವಾರ ಪ್ರಯತ್ನಿಸಿ. ಬದಲಾವಣೆ ಕಾಣದಿದ್ದರೆ ಆ ಟಿಪ್ಪಣಿಯನ್ನು ವೈದ್ಯರ ಅಥವಾ ಆಪ್ತಸಮಾಲೋಚಕರ ಮುಂದೆ ಇಡಿ. ‘ನನಗೆ ಏನೂ ಮಾಡಲು ಮನಸ್ಸಾಗುವುದಿಲ್ಲ’ ಎಂಬ ಮಾತಿಗಿಂತ, ಯಾವ ಕೆಲಸ ಯಾವ ಹೊತ್ತಿನಲ್ಲಿ ಎಲ್ಲಿ ನಿಂತಿತು, ಆಗ ಮೈ ಹೇಗಿತ್ತು, ಹಿಂದಿನ ರಾತ್ರಿ ಎಷ್ಟು ಗಂಟೆ ಮಲಗಿದ್ದಿರಿ ಎಂಬ ಹದಿನೈದು ದಿನಗಳ ಬರಹ ಅವರಿಗೆ ಹೆಚ್ಚು ಹೇಳುತ್ತದೆ.